ಸ್ವಾಮಿ ಪೆಟ್ಟಿಗೆಯಲ್ಲಿದ್ದ ಮೂರನೆಯ ಕೀಲಿ

ಅತ್ತೆ ಆ ಕೀಲಿಯನ್ನು ಸುತ್ತಿಟ್ಟಿದ್ದ ಬಟ್ಟೆ ಹಳದಿಯೋ ಕೆಂಪೋ, ಈಗ ನನಗೆ ಖಚಿತವಿಲ್ಲ. ಅಣ್ಣ ಕೆಂಪು ಅನ್ನುತ್ತಾನೆ. ನನ್ನ ಕಣ್ಣಿಗೆ ಕಟ್ಟಿರುವುದು ಹಳದಿ. ಇದೆಲ್ಲ ನಡೆದ ವಾರಗಳಲ್ಲಿ ನಾನು ದಿನಚರಿ ಬರೆದಿರಲಿಲ್ಲ. ಆಮೇಲೆ ಕೂತು ನೆನಪಿನಿಂದ ತುಂಬಿಸಿದ್ದು, ಹಾಗಾಗಿ ಅದನ್ನು ಸಾಕ್ಷಿಗೆ ಕರೆಯುವಂತಿಲ್ಲ. ಮಾತುಗಳೂ ಅಲ್ಲಲ್ಲಿ ನಾನೇ ಹೊಲಿದವಿರಬಹುದು.

ಅಣ್ಣ ತಮಿಳು ಸೀಮೆಯ ದಿಂಡಿಗಲ್ಲಿನಲ್ಲಿ ಬೀಗದಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸ್ನೇಹಿತನ ಜೊತೆ ಸೇರಿ ಕ್ರಿಪ್ಟೋ ನಾಣ್ಯಗಳ ಸಣ್ಣ ಎಕ್ಸ್‌ಚೇಂಜ್ ನಡೆಸುತ್ತಾನೆ. ಜನ ಅಲ್ಲಿ ನಾಣ್ಯ ಕೊಳ್ಳುತ್ತಾರೆ, ಮಾರುತ್ತಾರೆ, ಬಹಳಷ್ಟು ಮಂದಿ ಅಲ್ಲೇ ಬಿಟ್ಟಿರುತ್ತಾರೆ. ಗ್ರಾಹಕರಲ್ಲಿ ಅರ್ಧ ನಮ್ಮ ಕಂಬಂ ಕಣಿವೆಯವರೇ, ದ್ರಾಕ್ಷಿ ವ್ಯಾಪಾರಿಗಳು, ಅವರ ಮಕ್ಕಳು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ಬಂದು, ಸಂಜೆ ಅವರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದೆ. ಇಂಥ ಕೇಂದ್ರಗಳು ಕಳ್ಳರಿಂದ ಸಾಯುವುದಕ್ಕಿಂತ ಸುಸ್ತಾಗಿ ಸಾಯುವುದೇ ಹೆಚ್ಚು ಎಂಬುದು ಅಣ್ಣನ ನಂಬಿಕೆ. ಸರ್ವರ್ ಬಾಡಿಗೆ ಏರುತ್ತದೆ, ತಂತ್ರಾಂಶ ಹಳತಾಗುತ್ತದೆ, ಎಲ್ಲ ಬಲ್ಲ ಒಬ್ಬನೇ ಒಬ್ಬ ಒಂದು ದಿನ ಬೇಸತ್ತು ಎದ್ದು ಹೋಗುತ್ತಾನೆ. ತನ್ನದು ತಾನಿಲ್ಲದಾಗಲೂ ನಿಲ್ಲಬೇಕು ಎಂದು ಅವನ ಆಸೆ. ಅದಕ್ಕೆ ಮಾದರಿಯನ್ನು ಅವನು ತಂದದ್ದು ನಮ್ಮ ಕುಲದೇವರ ಪೆಟ್ಟಿಗೆಯಿಂದ.

ಓಡೈಪಟ್ಟಿಯ ದ್ರಾಕ್ಷಿ ತೋಟದ ಅಂಚಿನಲ್ಲಿರುವ ಆ ಚಿಕ್ಕ ಗುಡಿಯಲ್ಲಿ ಸ್ವಾಮಿಯ ಒಡವೆಗಳ ಮರದ ಪೆಟ್ಟಿಗೆ ಇದೆ. ಅದಕ್ಕೆ ಮೂರು ಬೀಗ. ಒಂದರ ಬೀಗದಕೈ ಹಿರಿಯ ಮನೆಯಾದ ದೊಡ್ಡಪ್ಪನಲ್ಲಿ, ಇನ್ನೊಂದು ಕಿರಿಯ ಮನೆಯಾದ ನಮ್ಮಲ್ಲಿ, ಮೂರನೆಯದು ಕುಲದಲ್ಲಿ ಹುಟ್ಟಿ ಬೇರೆ ಮನೆಗೆ ಹೋದ ಹೆಣ್ಣುಮಗಳಲ್ಲಿ. ಈಗ ಆ ಹೆಣ್ಣುಮಗಳು ಎಂದರೆ ಚಿನ್ನಾಳಪಟ್ಟಿಯಲ್ಲಿ ಸೀರೆ ವ್ಯಾಪಾರದ ಮನೆ ಸೇರಿರುವ ನಮ್ಮ ಅತ್ತೆ. ಅಣ್ಣ ಗ್ರಾಹಕರ ನಾಣ್ಯಗಳಲ್ಲಿ ದಿನದ ವಹಿವಾಟಿಗೆ ಬೇಕಾದಷ್ಟನ್ನು ಮಾತ್ರ ಹೊರಗಿಟ್ಟು, ಉಳಿದದ್ದನ್ನು ಇಂಟರ್‌ನೆಟ್ಟಿಗೆ ತಾಗದ ಖಜಾನೆಯಲ್ಲಿ ಇಟ್ಟಿದ್ದ. ಅದನ್ನು ತೆರೆಯಲು ಬೆರಳುದ್ದದ ಮೂರು ಸಾಧನಗಳು, ಮೂರು ಕೀಲಿಗಳಿದ್ದ ಹಾಗೆ. ಮೂರರಲ್ಲಿ ಯಾವ ಎರಡು ಕೂಡಿದರೂ ಸಾಕು. ಒಂದು ಅವನದು, ಒಂದು ಸ್ನೇಹಿತನದು, ಮೂರನೆಯದನ್ನು ಅತ್ತೆಗೆ ಕೊಟ್ಟು ಬಂದಿದ್ದ.

ಒಂದು ಬೆಳಿಗ್ಗೆ ಅಣ್ಣನ ಸಾಧನ ಸತ್ತುಹೋಯಿತು. ಬೆಳಕೇ ಬರಲಿಲ್ಲ. ನಕಲು ಇಟ್ಟರೆ ಕಳ್ಳನಿಗೆ ದಾರಿ ತೋರಿದಂತೆ ಎಂದು ಅವನು ನಕಲು ಇಟ್ಟಿರಲಿಲ್ಲ. ಗಾಬರಿಯೇನೂ ಇರಲಿಲ್ಲ, ಅತ್ತೆಯದು ಇದೆಯಲ್ಲ ಎಂದು ಇಬ್ಬರೂ ಚಿನ್ನಾಳಪಟ್ಟಿಗೆ ಹೊರಟೆವು. ದಾರಿಯಲ್ಲಿ ಬಾಳೆಹಣ್ಣು ಕೊಂಡದ್ದು ನೆನಪಿದೆ.

ಅತ್ತೆ ಸೀರೆಗಳ ನಡುವೆ ಕೂತಿದ್ದರು. ಅಣ್ಣ ಕೇಳಿದ.

"ಅದಾ? ಸ್ವಾಮಿ ಪೆಟ್ಟಿಗೇಲಿ ಇಟ್ಟುಬುಟ್ಟೆನಲ್ಲಾ ಅಳಿಯಾ, ಓದ್ ಶಿವರಾತ್ರೀಲೇ."

ಅಲ್ಲಿ ಯಾಕೆ ಇಟ್ಟಿರಿ ಎಂದು ಅಣ್ಣ ಅರ್ಧ ತಮಿಳಿನಲ್ಲಿ ಕೇಳಿದ. ಅವಸರವಾದರೆ ಅವನಿಗೆ ಮನೆಮಾತಾದ ಕನ್ನಡ ಕೈಕೊಡುತ್ತದೆ.

"ನೀನ್ತಾನೆ ಏಳ್ದೆ, ಇದೂ ಪೆಟ್ಟಿಗೆ ಸಾವಿ ಇದ್ದಂಗೆ, ಜೋಪಾನ ಅಂತ. ಅಂಗಾರೆ ಎಲ್ಲಿ ಇಕ್ಕಲಿ, ಅಕ್ಕಿ ಡಬ್ಬೀಲಾ?"

ಬೀಗದಕೈಗೆ ನಮ್ಮವರು ಸಾವಿ ಎನ್ನುತ್ತಾರೆ. ಅಣ್ಣ ಹಾಗೆ ಹೇಳಿದ್ದು ನಿಜವೇ. ಅದನ್ನು ಹೋಲಿಕೆ ಎಂದು ತಿಳಿದದ್ದು ನಾವು, ಅಪ್ಪಣೆ ಎಂದು ತಿಳಿದದ್ದು ಅವರು. ಆ ಪೆಟ್ಟಿಗೆ ಶಿವರಾತ್ರಿ ಬಿಟ್ಟು ಬೇರೆ ದಿನ ತೆರೆಯುವುದಿಲ್ಲ. ಹಬ್ಬಕ್ಕೆ ಇನ್ನೂ ವಾರಗಳಿದ್ದವು.

ಅಲ್ಲಿಂದಲೇ ಓಡೈಪಟ್ಟಿಗೆ ಹೋದೆವು. ದೊಡ್ಡಪ್ಪ ಚಪ್ಪರದ ಕೆಳಗೆ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದರು. ಅಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ: ಹೊರಗಿಟ್ಟ ನಾಣ್ಯ ಹೀಗೇ ಕರಗುತ್ತ ಹೋದರೆ ದೊಡ್ಡ ಮೊತ್ತ ಕೇಳುವವರಿಗೆ ಕೊಡಲಾಗುವುದಿಲ್ಲ, ಒಂದೆರಡು ಸಲ ಇಲ್ಲ ಅಂದರೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬರುತ್ತಾರೆ, ಅಲ್ಲಿಗೆ ಮುಗಿಯಿತು, ಕಣಿವೆಯಲ್ಲಿ ತಲೆಯೆತ್ತಿ ತಿರುಗುವುದೂ ಮುಗಿಯಿತು. ಮೂರೂ ಮನೆಯವರು ನಿಂತು ಒಮ್ಮೆ ತೆರೆಯೋಣ ಎಂದು ಕೈಮುಗಿದ. ದೊಡ್ಡಪ್ಪ ಕೊನೆಯವರೆಗೂ ಕೇಳಿಸಿಕೊಂಡರು. ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು:

"ನಿನ್ ಕಷ್ಟ ತಿಳೀತದೆ ಮಗಾ. ಆದ್ರೆ ಒಂದ್ ದಪ ತೆಗುದ್ರೆ, ಆಮೇಲೆ ಕೇಳ್ದೋರ್ಗೆಲ್ಲಾ ತೆಗೀಬೇಕಾಯ್ತದೆ."

ನನಗೆ ಸಿಟ್ಟು ಬಂದಿತ್ತು. ಜಡ ಸಂಪ್ರದಾಯ ಎಂದು ಬಸ್ಸಿನಲ್ಲಿ ಅಣ್ಣನಿಗೆ ಉಪನ್ಯಾಸವನ್ನೇ ಕೊಟ್ಟೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಚಿನ್ನಮನೂರು ದಾಟಿದ ಮೇಲೆ, ದೊಡ್ಡಪ್ಪ ಹೇಳಿದ್ದನ್ನೇ ತಾನು ಎಕ್ಸ್‌ಚೇಂಜಿನ ನಿಯಮಗಳ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದಾಗಿ ಹೇಳಿದ. ಅಥವಾ ಇದನ್ನು ಅವನು ಎಷ್ಟೋ ದಿನಗಳ ನಂತರ ಹೇಳಿದನೋ ಏನೋ. ಬಸ್ಸಿನಲ್ಲೇ ಹೇಳಿದ ಎಂದು ನನಗೆ ಅನಿಸುವುದಕ್ಕೆ ಕಾರಣ ಅದು ಅಲ್ಲಿ ಚೆನ್ನಾಗಿ ಒಪ್ಪುತ್ತದೆ ಎಂಬುದಷ್ಟೇ ಇರಬಹುದು.

ಸ್ನೇಹಿತನಿಗೆ ಬೇರೆ ಯೋಚನೆ ಇತ್ತು. ಸರ್ವರ್ ದುರಸ್ತಿಯಲ್ಲಿದೆ ಎಂದು ಹಾಕಿಬಿಡೋಣ, ಎಲ್ಲರೂ ಹಾಗೇ ಮಾಡುತ್ತಾರೆ ಎಂದ. ಅಣ್ಣ ಒಪ್ಪಲಿಲ್ಲ. ನನ್ನಿಂದ ನಿಜವನ್ನೇ ಬರೆಸಿದ: ಒಂದು ಕೀಲಿ ಕೆಟ್ಟಿದೆ, ಇನ್ನೊಂದು ಮನೆಯ ಹಿರಿಯರೊಬ್ಬರ ಸುಪರ್ದಿನಲ್ಲಿದೆ, ಶಿವರಾತ್ರಿಯ ನಂತರ ಕೈಗೆ ಬರುತ್ತದೆ, ಅಲ್ಲಿಯವರೆಗೆ ಸಣ್ಣ ಮೊತ್ತ ಮಾತ್ರ. ಎಲ್ಲಿದೆ ಎಂದು ಬರೆಯಬೇಡ ಎಂದಿದ್ದ, ಬರೆಯಲಿಲ್ಲ. ಆದರೆ ಶಿವರಾತ್ರಿ ಎಂದ ಕೂಡಲೇ ಕಣಿವೆಯವರಿಗೆಲ್ಲ ಪೆಟ್ಟಿಗೆ ಹೊಳೆಯಿತು. ಸರ್ವರ್ ಮಲಗಿದ್ದನ್ನು ಕಂಡಿದ್ದೇನೆ, ಸ್ವಾಮಿ ಎದ್ದ ಮೇಲೆ ದುಡ್ಡು ಎಂದವರನ್ನು ಈಗಲೇ ಕಂಡದ್ದು ಎಂದು ಕಂಬಂನ ವ್ಯಾಪಾರಿಯೊಬ್ಬರು ಬರೆದರು. ಮುಂದಿನ ಸಾಲಿನಲ್ಲಿ, ನನ್ನದು ಹಬ್ಬ ಮುಗಿಯುವ ತನಕ ಅಲ್ಲೇ ಇರಲಿ ಎಂದಿತ್ತು. ಸಿಕ್ಕಷ್ಟು ತೆಗೆದುಕೊಂಡು ಬಿಟ್ಟುಹೋದವರೂ ಇದ್ದರು, ಬೈದವರೂ ಇದ್ದರು. ಆದರೆ ಹೆಚ್ಚಿನವರು ಕಾದರು. ಅವರಲ್ಲಿ ಎಷ್ಟೋ ಮಂದಿಯ ಮನೆಯಲ್ಲೂ ಅಂಥದೇ ಪೆಟ್ಟಿಗೆ ಇದೆ. ಅವರಿಗೆ ನಾನು ಋಣಿ. ಆಗ ಉತ್ತರಗಳಲ್ಲಿ ಬರೆದ ಧನ್ಯವಾದಗಳು ಬಾಯುಪಚಾರದವು, ಈಗಿನದು ಹಾಗಲ್ಲ.

ಶಿವರಾತ್ರಿಯ ಬೆಳಿಗ್ಗೆ ಮೂರೂ ಮನೆಯವರು ನಿಂತು ಬೀಗ ತೆಗೆದೆವು. ಒಡವೆಗಳ ಪಕ್ಕದಲ್ಲಿ ಆ ಬಟ್ಟೆಯ ಗಂಟು, ಒಳಗೆ ವಿಭೂತಿ ಮೆತ್ತಿಕೊಂಡ ಸಾಧನ. ಅಣ್ಣ ಪಂಚೆಯ ತುದಿಯಿಂದ ಒರೆಸಿದ. ಅಲ್ಲೇ ಕಲ್ಲುಕಂಬಕ್ಕೆ ಒರಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಹಸಿರು ದೀಪ ಹತ್ತಿತು. ಸ್ನೇಹಿತನೂ ತನ್ನದನ್ನು ತಂದಿದ್ದ. ಖಜಾನೆ ತೆರೆಯಿತು, ಕಾದವರಿಗೆಲ್ಲ ಅವರದು ಸಿಕ್ಕಿತು. ಅಣ್ಣ ಸ್ವಾಮಿಗಿಂತ ಮೊದಲು ಅತ್ತೆಯ ಕಾಲಿಗೆ ಬಿದ್ದ.

ಪ್ರಸಾದದ ಪೊಂಗಲ್ ತಿನ್ನುವಾಗ ಅತ್ತೆ ಇನ್ನೊಂದು ಸಂಗತಿ ಹೇಳಿದರು. ನಡುವೆ ಯಾರೋ ಫೋನ್ ಮಾಡಿ, ತಾನು ಅಣ್ಣನ ಆಫೀಸಿನವನು ಎಂದು ಹೇಳಿಕೊಂಡು, ಆ ಸಾಧನವನ್ನು ಕೊರಿಯರಿನಲ್ಲಿ ಕಳಿಸಿ ಎಂದು ನಯವಾಗಿ ಕೇಳಿದ್ದನಂತೆ. ಶಿವರಾತ್ರಿಗೆ ತಲೆಗೆ ನೀರು ಹಾಕಿಕೊಂಡು ಗುಡಿಗೆ ಬಾ ಎಂದು ಇವರು ಹೇಳಿದರಂತೆ. ಅಣ್ಣ ಸ್ನೇಹಿತನ ಮುಖ ನೋಡಿದ. ತಾನಲ್ಲ ಎಂದು ಅವನು ತಲೆಯಾಡಿಸಿದ. ಯಾರೆಂದು ಇವತ್ತಿಗೂ ತಿಳಿದಿಲ್ಲ. ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸುತ್ತೇನೆ, ಅಷ್ಟೇ. ಅತ್ತೆ ಬುದ್ಧಿವಂತಿಕೆಯಿಂದ ಹಾಗೆ ಮಾಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ತಮಗೆ ಒಪ್ಪಿಸಿದ್ದನ್ನು ತಮ್ಮವರ ರೀತಿಯಲ್ಲಿ ಕಾದರು.

ಈಗ ಅಣ್ಣ ಕೀಲಿಗಳನ್ನು ಹೆಚ್ಚಿಸಿದ್ದಾನೆ. ಕಮಿಷನ್ನಿನಲ್ಲಿ ಒಂದು ಪಾಲು ಮುಂದಿನ ವರ್ಷಗಳ ಸರ್ವರ್ ಬಾಡಿಗೆಗೆ ಹೋಗುತ್ತದೆ. ತನ್ನ ಕೆಲಸವನ್ನೆಲ್ಲ ಹೊಸಬರಿಬ್ಬರಿಗೆ ಕಲಿಸುತ್ತಿದ್ದಾನೆ. ಅತ್ತೆಗೆ ಕೊಟ್ಟ ಸಾಧನ ಮಾತ್ರ ಪೆಟ್ಟಿಗೆಯಲ್ಲೇ ಇದೆ, ಬೇರೆಲ್ಲ ಕೈಕೊಟ್ಟಾಗಿನ ಕೊನೆಯ ಆಸರೆಯಾಗಿ. ಎಲ್ಲರ ನಂತರದ ವ್ಯವಸ್ಥೆ ಆಯಿತು, ಅತ್ತೆಯ ನಂತರದ್ದೊಂದು ಉಳಿದಿದೆ. ಅವರಿಗೆ ಎಪ್ಪತ್ತು ದಾಟಿದೆ. ಕುಲದಲ್ಲಿ ಅವರ ಮುಂದಿನ ಹೆಣ್ಣು ನಾನೊಬ್ಬಳೇ. ನಾನು ಮದುವೆಯಾಗಿಲ್ಲ, ಆಗುವ ಮನಸ್ಸೂ ಇಲ್ಲ. ಪೆಟ್ಟಿಗೆಯ ಮೂರನೆಯ ಬೀಗದಕೈ ಹೋಗುವುದು ಬೇರೆ ಮನೆ ಸೇರಿದವಳಿಗೆ.

ಹೋದ ತಿಂಗಳು ಚಿನ್ನಾಳಪಟ್ಟಿಯಲ್ಲಿ ಅವರ ಜೊತೆ ಸೀರೆ ಮಡಿಸುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿ ಎಂದರು. ಸೀರೆ ಮಡಿಸಿ ಮುಗಿಯಿತು, ಇನ್ನೊಂದನ್ನು ಎತ್ತಿಕೊಂಡರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ನಾನ್ ಇನ್ನೊಂದ್ ಮನೆಗೆ ಓಗ್ದಿದ್ರೂ ಆ ಸಾವಿ ನನ್ ಕೈಗೆ ಕೊಡ್ತೀರಾ?"