ಮರಳುಗಾಡಿನಲ್ಲಿ ಆಯಿ ತೋಡಿದ ವರತಿ

ಡೆಸರ್ಟ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಕೊಲ್ಹಾಪುರದ ಕಾನ್ವೆಂಟಿನ ಜಾಗ್ರಫಿ ಕ್ಲಾಸಿನಲ್ಲಿ. ಹೊರಗೆ ಹೆಂಚಿನ ಮೇಲೆ ಮಳೆ ಬೀಳುತ್ತಿತ್ತು. ಸಿಸ್ಟರ್ ಉದ್ದನೆಯ ಕೋಲಿನ ತುದಿಯಿಂದ ಮ್ಯಾಪಿನ ಹಳದಿ ಭಾಗವನ್ನು ಮುಟ್ಟಿ, "ನಥಿಂಗ್ ಗ್ರೋಸ್ ಹಿಯರ್, ಗರ್ಲ್ಸ್" ಎಂದರು. ನಮ್ಮ ಕಡೆ ಎಲ್ಲಿ ನೋಡಿದರೂ ಕಬ್ಬು. ದಾನೋಳಿಯ ಸೋದರತ್ತೆಯ ಹೊಲಕ್ಕೆ ಹೋದರೆ ಕಬ್ಬಿನ ನಡುವೆ ಆಕಾಶ ಕಾಣಬೇಕಾದರೂ ಕತ್ತು ಎತ್ತಬೇಕಾಗಿತ್ತು. ಏನೂ ಇಲ್ಲದ, ಬರೀ ಹಳದಿಯ ಒಂದು ಜಾಗ ಇದೆ ಎನ್ನುವುದೇ ನನಗೆ ಭಾಳ ರೊಮ್ಯಾಂಟಿಕ್ ಅನ್ನಿಸಿತು. ಹಾಸ್ಟೆಲಿನ ಸೊಳ್ಳೆಪರದೆಯೊಳಗೆ ಮಲಗಿ ಎಷ್ಟೋ ಸಲ ಆ ಹಳದಿಯೊಳಗೆ ನಡೆದಿದ್ದೇನೆ.

ಅಲ್ಲಿಗೆ ಹೋಗುವ ದಾರಿ ತೆರೆದದ್ದು ಇಚಲಕರಂಜಿಯಿಂದ. ಅಪ್ಪಾ ಅಲ್ಲಿ ಪವರ್‌ಲೂಮ್ ಹಾಕಿದ್ದರು. ಅವರಿಗೆ ನೂಲು ಕೊಡುತ್ತಿದ್ದ ಸೇಠಜಿ ಮಾರವಾಡದವರು. ಸಿಕ್ಸ್‌ಟೀಸ್‌ನ ಮೊದಲ ವರ್ಷಗಳು ಅವು. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಸೇಠಜಿಯ ಊರಿನಲ್ಲಿ ಅವರ ತಮ್ಮನ ಮಗನ ಮದುವೆ. "ಮದುವೆಗೆ ಬರ್ರಿ, ಹಂಗ ನಾಕ ದಿನ ಒಂಟಿ ಮ್ಯಾಲೆ ನಮ್ಮ ಉಸುಕಿನ ಗುಡ್ಡಾನೂ ನೋಡಕೊಂಡ ಹೋಗ್ರಿ, ನಂಬಿಕಿ ಮನಿಷ್ಯಾನ್ನ ಗೈಡ್ ಕೊಡತೇನಿ" ಎಂದು ನಮ್ಮ ಕನ್ನಡದಲ್ಲೇ ಕರೆದರು. ಅವ್ವ ನನ್ನ ತಮ್ಮನ ಪರೀಕ್ಷೆಗೆಂದು ಮನೆಯಲ್ಲೇ ಉಳಿದಳು. ನಾನೂ ಅಪ್ಪಾನೂ ಹೊರಟೆವು. ಗಡಹಿಂಗ್ಲಜದಿಂದ ಆಯಿ ತನ್ನ ಗಂಟು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅಪ್ಪಾನ ತಾಯಿ, ನಮ್ಮಲ್ಲಿ ಅಜ್ಜಿಗೆ ಆಯಿ ಅಂತೀವಿ.

"ನೀರ ಇಲ್ಲದ ಉಸುಕ ಹೆಂಗಿರತೈತಿ, ನಾನೂ ನೋಡತೇನಿ" ಎಂದಳು.

"ಅವ್ವಾ, ಒಂಟಿ ಮ್ಯಾಲೆ ಕುಂದ್ರಬೇಕಾಗತೈತಿ" ಎಂದರು ಅಪ್ಪಾ.

"ನಿನ್ನ ಸಾಕಿದಾಕಿ ನಾ. ಒಂಟಿಗೇನ ಅಂಜತೇನಿ."

ಆಯಿಗೆ ಉಸುಕು ಎಂದರೆ ಹಿರಣ್ಯಕೇಶಿ ನದಿಯ ಉಸುಕು. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಹೆಣ್ಣುಮಕ್ಕಳು ಉಸುಕಿನಲ್ಲಿ ಕೈಯಿಂದ ತಗ್ಗು ತೋಡಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಅದರೊಳಗೆ ಕನ್ನಡಿಯಂಥ ನೀರು ಬಂದು ನಿಲ್ಲುತ್ತದೆ. ಅದೇ ವರತಿ. ವರತಿಯ ನೀರೇ ಆಯಿಯ ಲಿಂಗಪೂಜೆಗೆ. ಹುಪರಿಯಲ್ಲಿ ಮಾಡಿಸಿದ ಬೆಳ್ಳಿಯ ಗುಂಡಗಡಿಗಿ ಸದಾ ಆಕೆಯ ಕೊರಳಲ್ಲಿ, ಅದರೊಳಗೆ ಲಿಂಗ. ಮುಂಜಾನೆ ಜಳಕ ಮಾಡಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ನೀರೆರೆದು, ಆ ನೀರನ್ನೇ ಕುಡಿದ ಮೇಲೆ ಉಳಿದದ್ದೆಲ್ಲ. ಅದಕ್ಕಿಂತ ಮೊದಲು ಬಾಯಿಗೆ ಒಂದು ಗುಟುಕು ಚಹಾ ಸಹ ಇಲ್ಲ. ಇನ್ನೊಂದು ನೇಮ: ನಿನ್ನೆಯ ನೀರು ಲಿಂಗಕ್ಕೆ ಬರುವುದಿಲ್ಲ. ಬೆಳಗಾಗುತ್ತಲೇ ಮನೆಯ ಕೊಡಗಳ ಹಳೇ ನೀರನ್ನು ಗಿಡದ ಬುಡಕ್ಕೆ ಸುರಿದು, ತಿಕ್ಕಿ ತೊಳೆದು, ಹೊಸದು ತುಂಬಬೇಕು. ಗಡಹಿಂಗ್ಲಜದ ನನ್ನ ಎಲ್ಲ ರಜೆಗಳಲ್ಲಿ ನಾನು ಎಚ್ಚರಾಗಿದ್ದು ಆ ನೀರು ಸುರಿಯುವ ಸದ್ದಿಗೆ.

ಮದುವೆಯದು ಈಗ ನೆನಪಿರುವುದು ಬರೀ ಬಣ್ಣ. ಅದು ಮುಗಿದ ಮರುದಿನ ಸೇಠಜಿ ಹೇಳಿದ್ದ ಗೈಡ್ ಒಂಟೆಗಳೊಂದಿಗೆ ಬಂದ. ಮೀಸೆಗೆ ಮೆಹಂದಿ ಹಚ್ಚಿದ, ಮಾತಿಗೆ ಕಡಿವಾಣವಿಲ್ಲದ ಮನುಷ್ಯ. ಪ್ರತಿ ದಿಬ್ಬಕ್ಕೂ ಅವನ ಹತ್ತಿರ ಒಬ್ಬ ರಾಜಕುಮಾರಿ ಇದ್ದಳು. ಅಪ್ಪಾನ ಹಿಂದಿ ಎಂದರೆ ಮರಾಠಿಗೆ 'ಹೈ' ಹಚ್ಚಿದ್ದು. ಅದರಲ್ಲೇ ತಿಳಿದಷ್ಟನ್ನು ಆಯಿಗೆ ಹೇಳುತ್ತಿದ್ದರು.

"ಈ ದಿಬ್ಬದಾಗೂ ಒಬ್ಬ ರಾಜಕುಮಾರಿ ಸತ್ತಾಳಂತ, ಅವ್ವಾ."

"ಪಾಪ, ಈ ಊರಾಗ ಬ್ಯಾರೇ ಯಾರೂ ಸಾಯೂದಿಲ್ಲೇನ?"

ಗೈಡ್ ನೀರು ತಂದದ್ದು ಮೇಕೆಯ ತೊಗಲಿನ ಚೀಲಗಳಲ್ಲಿ. ತೊಗಲಿನ ನೀರು ಲಿಂಗಕ್ಕೆ ಹೇಗೆ ಎರೆಯುವುದು? ಅದಕ್ಕೇ ಆಯಿ ಮದುವೆಮನೆಯ ಬಾವಿಯ ನೀರನ್ನು ತನ್ನ ತಿರುಗಣಿ ತಂಬಿಗೆಗೆ ತುಂಬಿ, ಮುಚ್ಚಳ ತಿರುವಿ, ಮಗುವಿನಂತೆ ಸೆರಗಿನಲ್ಲಿ ಇಟ್ಟುಕೊಂಡಿದ್ದಳು. ನಾಲ್ಕು ದಿನ, ದಿನಕ್ಕೆ ಒಂದಿಷ್ಟು. ಅಪ್ಪಾ ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು, ಆಯಿಯ ನೇಮ ಮಾತ್ರ ಅದರಲ್ಲಿ ಇರಲಿಲ್ಲ.

ಮೊದಲ ದಿನ ಒಂಟೆಯ ತೂಗಾಟದಲ್ಲಿ ನಾನು ಅರ್ಧ ನಿದ್ದೆಯಲ್ಲಿದ್ದೆ. ಜನವರಿಯ ಬಿಸಿಲು, ರೇಶ್ಮೆಯಂಥ ಗಾಳಿ, ಒಂಟೆಯ ಕಾಲ ಕೆಳಗೆ ಸದ್ದೇ ಇಲ್ಲ. ಕಾನ್ವೆಂಟಿನ ಚಾಪೆಲಿನಲ್ಲಿ ಎಲ್ಲರೂ ಮೊಣಕಾಲೂರಿದಾಗ ಇರುತ್ತಿತ್ತಲ್ಲ, ಅಂಥ ಸೈಲೆನ್ಸ್. ಇಲ್ಲಿ ಬರೀ ಕುರುಚಲು ಗಿಡ, ಗಟ್ಟಿ ನೆಲ, ನಡುನಡುವೆ ಸಣ್ಣ ದಿಬ್ಬ. ದೊಡ್ಡ ದಿಬ್ಬಗಳು ಮೂರನೇ ದಿನ ಸಂಜೆಗೆ ಎಂದ ಗೈಡ್. ಮ್ಯಾಪಿನ ಹಳದಿ ಅಲ್ಲಿತ್ತು.

ಮರುದಿನ ಮುಂಜಾನೆ ನನಗೆ ಎಚ್ಚರವಾದದ್ದು ನೀರು ಸುರಿಯುವ ಸದ್ದಿಗೆ. ಗಡಹಿಂಗ್ಲಜದ ಮನೆ ಎಂದುಕೊಂಡೇ ಕಣ್ಣು ತೆರೆದೆ. ಆಯಿ ಒಂದು ಮುಳ್ಳುಕಂಟಿಯ ಬುಡದಲ್ಲಿ ನಿಂತು ತಂಬಿಗೆಯನ್ನು ಬೋರಲು ಹಾಕಿದ್ದಳು. ಕೊನೆಯ ಹನಿ ಉದುರುವ ತನಕ ಜಾಡಿಸಿದಳು. ನಿನ್ನೆಯ ನೀರು ಚೆಲ್ಲಿದಳು, ಜೀವಮಾನವಿಡೀ ಚೆಲ್ಲಿದ ಹಾಗೆ. ಆಮೇಲೆ ದಿಬ್ಬದ ತಗ್ಗಿಗೆ ಹೋಗಿ ಕೂತು, ಸೆರಗು ಸಿಗಿಸಿ, ವರತಿ ತೋಡಲು ಶುರು ಮಾಡಿದಳು.

ಒಲೆ ಹಚ್ಚುತ್ತಿದ್ದ ಗೈಡ್ ತನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ.

ಆಯಿ ತೋಡಿದಷ್ಟೂ ಉಸುಕು ಬದಿಯಿಂದ ಜಾರಿ ಬಂದು ತಗ್ಗು ತುಂಬುತ್ತಿತ್ತು. ಮೊಣಕೈ ಮುಳುಗುವ ತನಕ ತೋಡಿದಳು. ಆಮೇಲೆ ಕೈ ತೆಗೆದು, ಒಣಗಿದ ಬೆರಳುಗಳನ್ನು ನೋಡಿಕೊಂಡಳು.

"ಒಣದ ಬರಾಕತ್ತೈತಿ" ಎಂದಳು ಅಪ್ಪಾನಿಗೆ, ದೂರು ಹೇಳುವಂತೆ.

"ಅವ್ವಾ, ಇದು ಹೊಳಿ ಅಲ್ಲವಾ."

"ಉಸುಕ ಹೌದಲ್ಲ."

ಅಪ್ಪಾ ತೊಗಲಿನ ಚೀಲದ ನೀರಾದರೂ ನಡೆಯುತ್ತದೇನೋ ಎಂದು ಕೇಳಿ ನೋಡಿದರು. "ನೀವು ಕುಡೀರಿ, ನಾ ಬ್ಯಾಡ ಅನ್ನಂಗಿಲ್ಲ" ಎಂದಳಷ್ಟೆ. ಸಿಟ್ಟಿಲ್ಲ, ಹಟವೂ ಇಲ್ಲ. ನಾವು ಸಜ್ಜಿ ರೊಟ್ಟಿ ತಿನ್ನುವಾಗ ಗುಂಡಗಡಿಗಿ ಮೇಲೆ ಕೈ ಇಟ್ಟುಕೊಂಡು ದೂರ ನೋಡುತ್ತ ಕೂತಳು. ಅರವತ್ತು ದಾಟಿದ ಜೀವ, ಒಣ ಗಾಳಿ, ಬಾಯಿಗೆ ಹನಿ ನೀರಿಲ್ಲ. ಅಪ್ಪಾ ಗೈಡನ ಜೊತೆ ಮಾತಾಡಿ ಬಂದರು. ಬದಿಗೆ ಒಂದು ಸಣ್ಣ ವಾಡಿ ಇದೆಯಂತೆ, ಅಲ್ಲಿ ಬಾವಿ ಇದ್ದರೂ ಇದ್ದೀತು.

"ಅಲ್ಲಿ ನೀರ ಸಿಗಲಿಲ್ಲಂದ್ರ ಹೊಳ್ಳಿ ಹೋಗೂದ. ಗುಡ್ಡಾ ಪಡ್ಡಾ ಏನೂ ಬ್ಯಾಡ" ಎಂದರು ಅಪ್ಪಾ. ನಾನು ದೂರಕ್ಕೆ ನೋಡಿದೆ. ಪಶ್ಚಿಮದ ಅಂಚಿನಲ್ಲಿ ತೆಳ್ಳಗೆ, ಪೆನ್ಸಿಲಿನಿಂದ ಎಳೆದ ಹಾಗೆ, ಆ ದಿಬ್ಬಗಳ ಗೆರೆ ಕಾಣುತ್ತಿತ್ತು.

ಆಯಿ ನನ್ನ ಮುಖ ನೋಡಿ, "ನನ್ನ ಸಲವಾಗಿ ಹುಡುಗಿ ಮಾರಿ ಇಷ್ಟಾತ ನೋಡು" ಎಂದು ತಾನೇ ಮೊದಲು ಒಂಟೆ ಹತ್ತಿದಳು.

"ಇಲ್ಲೇ ಹತ್ತಿರ" ಎಂದಿದ್ದ ಗೈಡ್. ಅವನ ಹತ್ತಿರವೂ ಅವನ ರಾಜಕುಮಾರಿಯರ ಹಾಗೆಯೇ. ಬಿಸಿಲು ನೆತ್ತಿಗೆ ಬಂತು. ದೂರದಲ್ಲಿ ಕೆರೆಗಳು ಕಾಣಿಸಿ ಕಾಣಿಸಿ ಕರಗಿದವು. ಪುಸ್ತಕದಲ್ಲಿ ಓದಿದ್ದೆನಾದರೂ ಕಣ್ಣು ನಂಬುತ್ತಲೇ ಇತ್ತು. ಆಯಿ ಅವನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ತೂಗುತ್ತಿದ್ದಳು. ನಡುವೆ ಒಮ್ಮೆ, "ಹೊಳಿ ಸಪ್ಪಳಾ ಕೇಳಿಧಂಗ ಆತು" ಎಂದಳು. ಅಪ್ಪಾ ಒಂಟೆಯನ್ನು ಬೇಗ ನಡೆಸಲು ಹೇಳಿದರು.

ವಾಡಿ ಎಂದರೆ ನಾಲ್ಕಾರು ಗುಂಡನೆಯ ಗುಡಿಸಲು. ಮೊಣಕೈಯ ಮೇಲಿನ ತನಕ ಬಿಳೀ ಬಳೆ ತೊಟ್ಟ ಒಬ್ಬ ಹೆಂಗಸು ಸೆರಗು ಎಳೆದುಕೊಂಡು ಹೊರಗೆ ಬಂದಳು. ಆಯಿ ತನ್ನ ಮರಾಠಿ ಹೂಡಿದಳು: "ಬಾಈ, ಥೋಡ ಪಾಣಿ ದ್ಯಾ." ಪಾಣಿ ಎಂದದ್ದು ಸಾಕಾಯಿತು. ಆಕೆ ನಮ್ಮನ್ನು ಒಂದು ಮರದ ಮುಚ್ಚಳದ ಹತ್ತಿರ ಕರೆದೊಯ್ದಳು. ಮುಚ್ಚಳದ ಕೆಳಗೆ ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಕಿರಿದಾದ ಬಾವಿ. ಮಳೆ ಬಂದಾಗ ಉಸುಕು ಕುಡಿದ ನೀರು ತಳದಲ್ಲಿ ಹನಿಹನಿಯಾಗಿ ಒಸರುತ್ತದೆ, ಇಡೀ ಮನೆಗೆ ದಿನಕ್ಕೆ ಅಷ್ಟೇ ನೀರು ಎಂದು ಗೈಡ್ ಹೇಳಿದ. ಈ ಸಲ ಅವನ ಮಾತಿನಲ್ಲಿ ರಾಜಕುಮಾರಿ ಇರಲಿಲ್ಲ.

ಹಗ್ಗ ಇಳಿಯಿತು, ಇಳಿಯುತ್ತಲೇ ಹೋಯಿತು. ಆಯಿ ಬಗ್ಗಿ ಕೇಳಿದಳು, "ಬಕೀಟ ತೊಗಲಿಂದೇನ?" ಅಲ್ಲ, ತಗಡಿನದು. ಮೇಲೆ ಬಂದಾಗ ಅರ್ಧವೂ ತುಂಬಿರಲಿಲ್ಲ. ಆಯಿ ಬಾವಿಯ ಕತ್ತಲನ್ನು ನೋಡಿ, ಅಪ್ಪಾನ ಕಡೆ ತಿರುಗಿದಳು.

"ನಾ ಹೇಳಿದ್ನಿಲ್ಲ, ಉಸುಕಿನ್ಯಾಗ ನೀರ ಇರತೈತಿ ಅಂತ? ನಾ ತೋಡಿದ್ದ ಕಡಿಮಿ ಆತು."

ಜಳಕಕ್ಕೆ ಆಯಿ ನೀರು ಕೇಳಲಿಲ್ಲ. ವಿಭೂತಿ ಪುಡಿ ಮಾಡಿ ಹಣೆಗೆ, ತೋಳಿಗೆ, ಕೊರಳಿಗೆ ಹಚ್ಚಿಕೊಂಡು, "ಇವತ್ತ ಇದ ಜಳಕ" ಎಂದಳು. ನೆರಳಿನಲ್ಲಿ ಕೂತು ಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆಯತೊಡಗಿದಾಗ ಆ ಹೆಂಗಸು ಹತ್ತಿರ ಸರಿದಳು. ತನ್ನ ಮನೆಯ ಒಂದು ದಿನದ ನೀರು ಒಂದು ಕರಿಯ ಕಲ್ಲಿನ ಮೇಲೆ. ಆಕೆಯ ಕೈ ತಾನಾಗಿಯೇ ಮುಂದೆ ಬಂತು, ಬೀಳುವ ಮಗುವನ್ನು ಹಿಡಿಯುವ ಹಾಗೆ. ಆದರೆ ನೀರು ನೆಲಕ್ಕೆ ಬೀಳಲಿಲ್ಲ. ಅಂಗೈಯ ಕೆಳಗೆ ಆಯಿ ಬಟ್ಟಲು ಇಟ್ಟಿದ್ದಳು. ಕೈ ಎತ್ತಿ ನಮಸ್ಕರಿಸಿ, ಬಟ್ಟಲನ್ನು ತುಟಿಗೆ ಹಚ್ಚಿ ನಿಧಾನವಾಗಿ ಕುಡಿದಳು. ಉಳಿದದ್ದನ್ನು ನನ್ನ ಅಂಗೈಗೆ ಹಾಕಿದಳು. ಬಟ್ಟಲಿನಲ್ಲಿ ಹನಿಯೂ ಉಳಿಯಲಿಲ್ಲ.

ಆ ಹೆಂಗಸು ಸೆರಗಿನೊಳಗೆ ನಕ್ಕಳು. ಒಳಗೆ ಹೋಗಿ ಮಜ್ಜಿಗೆ ತಂದಳು. ಹೊರಡುವಾಗ ಆಯಿಯ ತಂಬಿಗೆಗೆ ಬಕೀಟಿನಲ್ಲಿ ಉಳಿದ ನೀರನ್ನು ತಾನೇ ಸುರಿದು, ಮುಚ್ಚಳ ತಿರುವಿ ಕೊಟ್ಟಳು.

ಮೂರನೇ ದಿನದ ಮುಂಜಾನೆ ನಾನು ಬೇಕಂತಲೇ ಬೇಗ ಎದ್ದೆ. ಆಯಿ ತಂಬಿಗೆ ಹಿಡಿದು ನಿಂತಿದ್ದಳು. ಮಣಿಕಟ್ಟು ರೂಢಿಯಂತೆ ಒಂದಿಷ್ಟು ವಾಲಿತು. ಆ ವಾಡಿಯ ಬಾವಿ ಇದ್ದ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ತಂಬಿಗೆಯನ್ನು ನೆಟ್ಟಗೆ ಮಾಡಿ, ಕೂತು, ನಿನ್ನೆಯ ನೀರನ್ನೇ ಎರೆದು ಪೂಜೆ ಮಾಡಿದಳು. ಅಪ್ಪಾ ನೋಡಿಯೂ ನೋಡದಂತೆ ಒಂಟೆಯ ಹಗ್ಗ ಬಿಚ್ಚುತ್ತಿದ್ದರು.

ಸಂಜೆಗೆ ನಾವು ಆ ಗೆರೆಯನ್ನು ಮುಟ್ಟಿದೆವು. ಹಳದಿ ಅಲ್ಲವೇ ಅಲ್ಲ ಅದು. ಗುಲಾಬಿ, ಆಮೇಲೆ ಹಳೆಯ ತಾಮ್ರದ ಬಣ್ಣ, ಆಮೇಲೆ ಏನೋ, ಅದಕ್ಕೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನನಗೆ ಇವತ್ತಿಗೂ ಶಬ್ದ ಸಿಕ್ಕಿಲ್ಲ. ನಾನು ಶೂಸ್ ಬಿಚ್ಚಿ ದಿಬ್ಬದ ನೆತ್ತಿಗೆ ಹತ್ತಿದೆ. ತಿರುಗಿ ನೋಡಿದರೆ ಆಯಿ ನಡುದಿಬ್ಬದಲ್ಲೇ ಕೂತುಬಿಟ್ಟಿದ್ದಳು. ನಾನು ಜಾರುತ್ತ ಇಳಿದು ಆಕೆಯ ಪಕ್ಕ ಹೋದೆ. ಆಯಿ ಬಲಗೈಯನ್ನು ಮೊಣಕೈತನಕ ಉಸುಕಿನಲ್ಲಿ ಇಳಿಸಿ, ಕಣ್ಣು ಮುಚ್ಚಿದ್ದಳು.

"ಏನ ಸಿಕ್ತ ಆಯಿ?"

"ಕೈ ಇಡು ಇಲ್ಲಿ" ಎಂದಳು. ಇಟ್ಟೆ. "ಒಳಗ ತಂಪ ಐತಿ ನೋಡು."