ರೊಟ್ಟಿ ಚೀಲದೊಂದಿಗೆ ದಾರ್ ಎಸ್ ಸಲಾಮಿಗೆ

ಯಾದಗಿರಿಗೆ ಹೋಗುವ ಮೊದಲ ಬಸ್ಸು ದೋರನಹಳ್ಳಿಯಲ್ಲಿ ನಿಂತಾಗ ಅತ್ತೆ ತಮ್ಮ ಕೆಂಪು ಚೀಲವನ್ನು ಎದೆಗವುಚಿಕೊಂಡು ಹತ್ತಿದರು. ಅದರಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ತಳದಲ್ಲಿ ಪುಂಡಿ ಪಲ್ಯ ಎಂಬ ಹುಳಿ ಸೊಪ್ಪಿನ ಬೀಜದ ಸಣ್ಣ ಗಂಟು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಅತ್ತೆ "ಆಫ್ರಿಕಾಕ್ಕ" ಎಂದರು. ಆತ ನಗಲಿಲ್ಲ. "ಯಾದಗಿರಿ ತನಕ ಫ್ರೀ ಅದರಿ ಅಮ್ಮಾರ, ಮುಂದಿಂದು ನೀವ ನೋಡ್ಕೋರಿ" ಎಂದು ಚೀಟಿ ಹರಿದು ಕೊಟ್ಟ.

ನಾನು ದಾರ್ ಎಸ್ ಸಲಾಮಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮವರು ಅಲ್ಲಿಯೇ ತೊಗರಿ ಬೇಳೆಯ ಮಿಲ್ಲಿನಲ್ಲಿದ್ದಾರೆ. ರಜೆಗೆ ಊರಿಗೆ ಬಂದವಳು ಈ ಸಲ ಅತ್ತೆಯನ್ನೂ ಮೂರು ತಿಂಗಳ ಮಟ್ಟಿಗೆ ಕರೆದುಕೊಂಡು ಹೊರಟಿದ್ದೆ. ಊರಿಗೆ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ಮನೆ ಮುಂದೆ ಹುಲಿ ಬರುತ್ತದೆಯೇ? ಹುಲಿ ಆ ಖಂಡದಲ್ಲೇ ಇಲ್ಲ. ಸಿಂಹವನ್ನು ನಾನಿನ್ನೂ ಕಂಡಿಲ್ಲ. ಮನೆ ಮುಂದೆ ಬರುವುದು ನೀರಿನ ಟ್ಯಾಂಕರು, ಅದೂ ಕರೆದ ದಿನ ಬರುವುದಿಲ್ಲ.

ರೈಲು ರಾತ್ರಿ ಮುಂಬೈ ಮುಟ್ಟಿಸಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೊರಳಿನ ಕರಡಿಗೆ ಕುಂಯ್ ಎಂದಿತು. ಇಷ್ಟಲಿಂಗವನ್ನಿಟ್ಟು ಕಟ್ಟಿಕೊಳ್ಳುವ ಬೆಳ್ಳಿಯ ಭರಣಿ ಅದು. ತೆಗೆದು ಟ್ರೇಯಲ್ಲಿಡಿ ಎಂದು ಅಲ್ಲಿದ್ದ ಹೆಣ್ಣುಮಗಳು ಹೇಳಿದಳು. "ತಲಿ ತಗದಿಡು ಅನ್ನು, ಇಡ್ತೀನಿ" ಎಂದರು ಅತ್ತೆ. ಕೊನೆಗೆ ಆಕೆಯೇ ಸೋತು ಸೀರೆಯ ಮೇಲಿಂದ ಸವರಿ ನೋಡಿ ಬಿಟ್ಟಳು. ಆದರೆ ಪರರ ಕೈ ಲಿಂಗಕ್ಕೆ ತಾಕಿತಲ್ಲ ಎಂಬ ಕಸಿವಿಸಿ ಅತ್ತೆಯನ್ನು ವಿಮಾನದಲ್ಲಿಯೂ ಬಿಡಲಿಲ್ಲ.

ಬೆಳಿಗ್ಗೆ ಅಡಿಸ್ ಅಬಾಬಾದಲ್ಲಿ ಇಳಿದೆವು. ಅಲ್ಲಿ ವಿಮಾನ ಬದಲಿಸಬೇಕು, ಮತ್ತೊಂದು ತಪಾಸಣೆ ದಾಟಬೇಕು. ಹೊರಗೆ ನಮ್ಮೂರಿನ ಮಾಗಿಯಂಥ ಚಳಿ. ಅತ್ತೆ ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಧರಿಸಿ, ಒಂದು ಮೂಲೆಯ ಕುರ್ಚಿಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದರು. ಆಮೇಲೆ ಒಂದು ಉಪಾಯ ಹೂಡಿದರು. ಬೆಳ್ಳಿ ಇದ್ದರೆ ತಾನೇ ಸದ್ದು? ಕರಡಿಗೆಯನ್ನು ನನ್ನ ಕೈಚೀಲಕ್ಕೆ ಹಾಕಿಸಿ, ಲಿಂಗವನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಎಡ ರಟ್ಟೆಗೆ ಕಟ್ಟಿಕೊಳ್ಳತೊಡಗಿದರು. ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಬಲಗೈಯಲ್ಲಿ.

"ಕೊಡ್ರಿ ಅತ್ತಿ, ನಾ ಕಟ್ತೀನಿ" ಎಂದೆ.

"ನೀ ಜಳಕ ಮಾಡಿಲ್ಲ. ಮುಟ್ಟಬ್ಯಾಡ."

"ನೀವೆಲ್ಲಿ ಮಾಡೀರಿ?"

"ನಾ ಪೂಜಿ ಮಾಡೀನಿ. ಸುಮ್ಕ ಕುಂದ್ರು."

ಮಡಿಯ ಮುಂದೆ ಗಣಿತದ ಟೀಚರಿನ ತರ್ಕ ನಡೆಯುವುದಿಲ್ಲ. ತಪಾಸಣೆಯ ಬಾಗಿಲು ಸದ್ದಿಲ್ಲದೆ ದಾಟಿ ಅತ್ತೆ ನನ್ನತ್ತ ತಿರುಗಿ ಹುಬ್ಬು ಹಾರಿಸಿದರು. ಒಂದು ರೊಟ್ಟಿ ಮುರಿದು ತಿಂದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರು.

ಮಧ್ಯಾಹ್ನ ದಾರ್ ಎಸ್ ಸಲಾಮಿನಲ್ಲಿ ಇಳಿದಾಗ ಸಮುದ್ರದ ಸೆಕೆ ಒದ್ದೆ ಅರಿವೆಯಂತೆ ಮೈಗೆ ಅಂಟಿತು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಇಲ್ಲಿಯದು ಬೇಯಿಸುತ್ತದೆ. ಸಾಮಾನು ನೋಡುವ ಮೇಜಿನ ಹಿಂದೆ ತಲೆಗೆ ಕಪ್ಪು ವಸ್ತ್ರ ಸುತ್ತಿದ ನಡುವಯಸ್ಸಿನ ಅಧಿಕಾರಿಯೊಬ್ಬಳಿದ್ದಳು. ಜೈನಬು ಎಂದು ಅವಳ ಎದೆಯ ಪಟ್ಟಿಯಲ್ಲಿತ್ತು. ಬೀಜ ಒಳಗೆ ಬಿಡುವುದಿಲ್ಲ, ಉಳಿದದ್ದು ಒಯ್ಯಿರಿ ಎಂದು ಸ್ವಾಹಿಲಿಯಲ್ಲಿ ಮೆತ್ತಗೆ ಹೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಯ ಮೂಗಿನ ತುದಿ ಕೆಂಪಾಯಿತು.

"ಪುಂಡಿ ಪಲ್ಯ ಏನ್ ಬಾಂಬೇನು? ಒಂದ ಬಿಟ್ಟು ಒಂದ ಯಾಕ, ಎಲ್ಲಾ ಅಕಿನ ಇಟಗೊಳ್ಳಿ!" ಎಂದು ಎರಡೂ ಕೈ ಬೀಸಿ ಚೀಲವನ್ನು ಅವಳತ್ತ ನೂಕಿಬಿಟ್ಟರು. ನಾನು ಎಷ್ಟು ಹೇಳಿದರೂ ತಿರುಗಿ ನೋಡದೆ ಹೊರಗೆ ನಡೆದರು.

ನಮ್ಮವರು ಕಾರು ತಂದಿದ್ದರು. ಮನೆ ಹನ್ನೆರಡು ಕಿಲೋಮೀಟರು ದೂರ, ಗದ್ದಲವಿದ್ದರೆ ಒಂದು ಗಂಟೆಯ ದಾರಿ. ಅಂದು ಗದ್ದಲವಿತ್ತು. ನಮ್ಮ ಆಟೋಗಳೇ ಇಲ್ಲಿ ಬಜಾಜಿ ಎಂಬ ಹೆಸರಿನಲ್ಲಿ ಓಡುತ್ತವೆ ಎಂಬುದು ಅತ್ತೆಗೆ ಸಮಾಧಾನ ತಂದಿತು. ಬೆಳಿಗ್ಗೆ ಈ ಬೀದಿಗಳಲ್ಲಿ ತೊಗರಿ ಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮಾರುತ್ತಾರೆ ಎಂದೆ. "ತೊಗರಿಗಿ ಟೆಂಗಿನ ಹಾಲೇನು!" ಎಂದು ಮುಖ ಕಿವಿಚಿದರು. ಇಲ್ಲಿ ಹೆಂಗಸರು ಉಡುವ ಕಂಗಾ ಬಟ್ಟೆಯ ಅಂಚಿನಲ್ಲಿ ಒಂದೊಂದು ಗಾದೆ ಅಚ್ಚು ಹಾಕಿರುತ್ತಾರೆ, ಸೊಸೆಯ ಮೇಲೆ ಸಿಟ್ಟಿದ್ದರೆ ಅದಕ್ಕೆ ತಕ್ಕ ಕಂಗಾ ಉಟ್ಟು ಅಂಗಳದಲ್ಲಿ ಓಡಾಡಿದರೆ ಸಾಕು ಎಂದೆ. ಇದು ಮಾತ್ರ ಅತ್ತೆಗೆ ಬಹಳ ಹಿಡಿಸಿತು.

ಮನೆಯಲ್ಲಿ ಸ್ನಾನಕ್ಕೆಂದು ಒಳಗೆ ಹೋದವರು ಸೀರೆ ಹಿಡಿದುಕೊಂಡೇ ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ನೀಲಿ, ಲಿಂಗಪ್ಪ ಇಲ್ಲವ್ವಾ" ಎಂದು ತಮ್ಮ ಬರಿ ರಟ್ಟೆಯನ್ನು ನನಗೆ ತೋರಿಸಿದರು.

ಕಾರು ಹುಡುಕಿದೆವು, ಮೆಟ್ಟಿಲು ಹುಡುಕಿದೆವು. ಅತ್ತೆ ಬರಿ ನೆಲದ ಮೇಲೆ ಗೋಡೆಗೆ ಒರಗಿ ಕುಳಿತರು. ನೀರು ಕೊಟ್ಟೆ, ಮುಖ ತಿರುಗಿಸಿದರು. ಲಿಂಗವಿಲ್ಲದ ಮೈಗೆ ಅನ್ನ ನೀರು ಇಲ್ಲ, ಅದು ಅವರಿಗೆ ಹುಟ್ಟಿನಿಂದ ಬಂದ ನಿಯಮ.

"ಶಹಾಪುರಕ್ಕ ಕರಕೊಂಡು ಹೋಗ್ರಿ. ಅಯ್ಯನೋರು ಇನ್ನೊಂದು ಕಟ್ಟೂತನ ನಾ ಏನೂ ಮುಟ್ಟಂಗಿಲ್ಲ."

ಅತ್ತೆಯ ಗುರುಗಳಿರುವ ಶಹಾಪುರ ನಮ್ಮೂರ ಪಕ್ಕದಲ್ಲಿ, ಎರಡು ದಿನದ ದಾರಿ. ಆ ಸೆಕೆಯಲ್ಲಿ, ಆ ಸಕ್ಕರೆ ಕಾಯಿಲೆಯಲ್ಲಿ, ನೀರಿಲ್ಲದೆ ಎರಡು ದಿನ! ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನಮ್ಮವರು ತಾಯಿಯ ಮುಂದೆ ಕೈಮುಗಿದರು, ಬೈದರು, ಅತ್ತರು. ಆಗ ನನಗೆ ವಿಮಾನ ನಿಲ್ದಾಣದ ಆ ಮೇಜು ಕಣ್ಣ ಮುಂದೆ ಬಂತು. ಎರಡೂ ಕೈ ಬೀಸಿ ನೂಕಿದ್ದರಲ್ಲ, ಬಾಯಿ ತೆರೆದ ಚೀಲವನ್ನು! ಹಲ್ಲಿನಲ್ಲಿ ಬಿಗಿದ ಗಂಟು ಎಷ್ಟು ಹೊತ್ತು ನಿಂತೀತು?

ಅತ್ತೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ಮತ್ತೆ ಅದೇ ರಸ್ತೆ, ಅದೇ ಗದ್ದಲ. ವಶಪಡಿಸಿಕೊಂಡ ತಿನಿಸು, ಬೀಜಗಳನ್ನೆಲ್ಲ ಸಂಜೆಗೆ ಸುಟ್ಟುಬಿಡುತ್ತಾರೆ ಎಂದು ನಮ್ಮವರಿಗೆ ಗೊತ್ತಿತ್ತು. ಅತ್ತೆಗೆ ನಾವಿಬ್ಬರೂ ಅದನ್ನು ಹೇಳಲಿಲ್ಲ.

ಜೈನಬುವಿನ ಕೋಣೆಗೆ ನುಗ್ಗಿದವಳೇ "ಚೀಲ ಎಲ್ಲಿ?" ಎಂದು ಕೂಗಿದೆ. ಈ ಊರಿನಲ್ಲಿ ಅದು ದೊಡ್ಡ ಒರಟುತನ. ಬೆಂಕಿ ಬಿದ್ದರೂ ಮೊದಲು ಮನೆಯ ಸುದ್ದಿ, ಮಕ್ಕಳ ಸುದ್ದಿ, ಕೆಲಸದ ಸುದ್ದಿ ಕೇಳಬೇಕು. ಜೈನಬು ಎದ್ದು ನಿಂತು, ತಲೆ ಬಾಗಿಸಿ, ಹಿರಿಯರಿಗೆ ಕಿರಿಯರು ಮಾಡುವ ವಂದನೆಯನ್ನು ಅತ್ತೆಗೆ ಮಾಡಿದಳು. ಆಮೇಲೆ ನನಗೆ ಕುರ್ಚಿ ತೋರಿಸಿದಳು. ನಾನು ನಾಚಿ, ನೆಟ್ಟಗೆ ಸುದ್ದಿ ಕೇಳಿ, ಹೇಳಿ, ನಂತರ ಎಲ್ಲ ವಿವರಿಸಿದೆ: ಹಳದಿ ಬಟ್ಟೆಯಲ್ಲಿ ಒಂದು ಪುಟ್ಟ ಕರಿ ಲಿಂಗ, ಅದು ಇವರ ದೇವರು, ಅದಿಲ್ಲದೆ ಇವರು ನೀರು ಕುಡಿಯುವುದಿಲ್ಲ, ಬೇರೆಯವರು ಅದನ್ನು ಮುಟ್ಟುವುದಿಲ್ಲ.

"ಪೋಲೆ ಸಾನಾ, ಮಾಮಾ" ಎಂದಳು ಜೈನಬು. ಎಡವಿ ಬಿದ್ದವರಿಗೂ ಸತ್ತವರ ಮನೆಯವರಿಗೂ ಇಲ್ಲಿ ಹೇಳುವ ಮಾತು ಇದೊಂದೇ. ನೊಂದಿದ್ದೀರಿ ಎಂದು ನನಗೆ ತಿಳಿಯಿತು, ತಾಯಿ, ಎಂದಷ್ಟೇ ಅದರ ಅರ್ಥ. ಆರು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ ಆ ಮಾತಿಗೆ ಅಂದು ನನ್ನ ಕಣ್ಣು ತುಂಬಿತು.

ಸುಡಲು ಒಟ್ಟಿದ್ದ ರಾಶಿಯಿಂದ ಅವಳು ಕೆಂಪು ಚೀಲ ತಂದಳು. ಮೇಜಿನ ಮೇಲೆ ಶುಭ್ರ ಕಾಗದ ಹಾಸಿ ಒಂದೊಂದೇ ರೊಟ್ಟಿ ತೆಗೆದಿಟ್ಟಳು. ಅರ್ಧ ಅಡಕಲು ಮುಗಿದಾಗ ಎರಡು ರೊಟ್ಟಿಗಳ ನಡುವೆ ಹಳದಿ ಬಟ್ಟೆಯ ಚುಂಗು ಕಾಣಿಸಿತು. ಜೈನಬು ಥಟ್ಟನೆ ಕೈ ಹಿಂದಕ್ಕೆ ತೆಗೆದಳು. ಚೀಲದ ಬಾಯಿಯನ್ನು ಹೊರಗಿನಿಂದ ಅಗಲವಾಗಿ ಹಿಡಿದು, ನೀವೇ ತೆಗೆದುಕೊಳ್ಳಿ ಎಂದು ಅತ್ತೆಗೆ ಕಣ್ಣಿನಲ್ಲೇ ಸೂಚಿಸಿದಳು.

ಅತ್ತೆ ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು "ಶಿವನ, ಶಿವನ" ಎಂದು ಚಿಕ್ಕ ಮಗುವಿನಂತೆ ಅತ್ತರು. ನಮ್ಮವರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬೀಜದ ಗಂಟು ಮಾತ್ರ ಸಿಗುವುದಿಲ್ಲ ಎಂದಳು ಜೈನಬು. ಅತ್ತೆ ಇಟ್ಟುಕೊಳ್ಳಲಿ ಎಂಬಂತೆ ತಲೆಯಾಡಿಸಿದರು.

ಪೂಜೆಯಾಗದೆ ನೀರಿಲ್ಲ. ಜೈನಬು ತನ್ನ ಕುರ್ಚಿ ಬಿಟ್ಟುಕೊಟ್ಟು, ಕೈತೊಳೆಯುವ ನಲ್ಲಿ ತೋರಿಸಿದಳು. ಅತ್ತೆ ಅಲ್ಲಿಯೇ, ಸರಕಾರಿ ಮೇಜಿನ ಮುಂದೆ, ಅಂಗೈಯ ಲಿಂಗಕ್ಕೆ ಪೂಜೆ ಮಾಡಿ, ಈ ಸಲ ನನ್ನತ್ತ ತೋಳು ಚಾಚಿದರು.

"ಕಟ್ಟು. ಬಿಗದು ಕಟ್ಟು."

"ಜಳಕ ಮಾಡಿಲ್ಲರಿ."

"ಬಾಯಿ ಮುಚ್ಚಿ ಕಟ್ಟು."

ಕಟ್ಟಿ, ಗುಳಿಗೆ ಮತ್ತು ನೀರಿನ ಬಾಟಲಿ ಕೈಗೆ ಕೊಟ್ಟೆ. ಅತ್ತೆ ಬಾಟಲಿ ಹಿಡಿದವರು ಕುಡಿಯಲಿಲ್ಲ. ಜೈನಬುವಿನ ಒಣಗಿದ ತುಟಿಯನ್ನು, ಕಿಟಕಿಯಲ್ಲಿ ಮುಚ್ಚಿಟ್ಟಿದ್ದ ಖರ್ಜೂರದ ತಟ್ಟೆಯನ್ನು ನೋಡುತ್ತಿದ್ದರು.

"ನೀಲಿ, ಈಕಿ ರೋಜಾ ಹಿಡದಾಳ. ನಮ್ಮ ಓಣಿಯ ಹುಸೇನಬಿ ತುಟಿ ಹಿಂಗ ಆಗಿರತಾವ."

ನಾನು ಕೇಳಿದೆ. ಹೌದು, ರಂಜಾನಿನ ಉಪವಾಸ, ಬೆಳಗಿನಿಂದ ನೀರು ಮುಟ್ಟಿಲ್ಲ, ಇನ್ನೇನು ಹೊತ್ತು ಮುಳುಗುತ್ತದೆ ಎಂದಳು ಜೈನಬು. ಅಷ್ಟೂ ಹೊತ್ತು ನಮ್ಮ ಅತ್ತೆ ನೀರು ಕುಡಿದಿಲ್ಲ ಎಂದು ನಾನು ಹಲುಬಿದ್ದು ಅವಳ ಮುಂದೆ!

"ಅತ್ತಿ, ನಿಮಗ ಸಕ್ಕರಿ ಐತ್ರಿ, ಕುಡೀರಿ" ಎಂದು ಬೇಡಿಕೊಂಡೆ.

"ಅಕಿ ಎದುರಿಗೆ ಹ್ಯಾಂಗ ಕುಡೀಲಿ? ಇಷ್ಟೊತ್ತು ಇದ್ದೀನಿ, ಇನ್ನೊಂದು ಗಳಿಗಿ ಸಾಯಂಗಿಲ್ಲ."

ಕಿಟಕಿಯ ಆಚೆ ರನ್‌ವೇ ಕೆಂಪಾಗಿ, ಬೂದಿಯಾಗಿ, ಕಪ್ಪಾಯಿತು. ಜೈನಬುವಿನ ಫೋನಿನಲ್ಲಿ ಬಾಂಗು ಕೂಗಿತು. ಅವಳು ಒಂದು ಖರ್ಜೂರ ಬಾಯಿಗಿಟ್ಟುಕೊಂಡು, ಲೋಟ ಎತ್ತಿ ಮೊದಲ ಗುಟುಕು ನುಂಗಿದಳು. ಅದು ಗಂಟಲಿಳಿದದ್ದನ್ನು ನೋಡಿಕೊಂಡೇ ಅತ್ತೆ ಬಾಟಲಿಯನ್ನು ಬಾಯಿಗೆತ್ತಿದರು. ತಳ ಕಾಣುವವರೆಗೂ ಇಳಿಸಲಿಲ್ಲ.