ತಾಯಿಗೆ ಏನಾಗಿತ್ತು

ಗುರುವಾರ ಸಂಜೆ ಜ್ಯೋತಿ ಆಫೀಸಿನಿಂದ ಬಂದವಳೇ ಕೈಕಾಲು ತೊಳೆದು, ಮಂಚದ ಮೇಲೆ ಕೂತು, ಮೊಬೈಲಿನಲ್ಲಿ ಒಂದು ಫಾರ್ಮು ತುಂಬತೊಡಗಿದಳು. ಮುಂಬಯಿ ಬಳಿಯ ಬೇಲಾಪುರದಲ್ಲಿ ಅವಳು ಕೆಲಸಕ್ಕಿದ್ದ ಕಂಪನಿಯವರು ವರ್ಷಕ್ಕೊಮ್ಮೆ ಹೆಣ್ಣುಮಕ್ಕಳೆಲ್ಲ ಸ್ತ್ರೀರೋಗ ತಜ್ಞರ ಬಳಿ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಹೊಸ ನಿಯಮ ಮಾಡಿದ್ದರು. ಇಪ್ಪತ್ತನಾಲ್ಕರ ಜ್ಯೋತಿಗೆ ಇದು ಮೊದಲ ಸಲ. ಶನಿವಾರ ಹನ್ನೊಂದಕ್ಕೆ ಹೋಗಬೇಕು. ಸಡಿಲ ಬಟ್ಟೆ ಹಾಕಿಕೊಂಡು ಬನ್ನಿ, ಕಳೆದ ಮುಟ್ಟಿನ ತಾರೀಖು ಬರೆದು ತನ್ನಿ, ಸೋನೋಗ್ರಫಿ ಸ್ಕ್ಯಾನಿಂಗಿಗೆ ಒಂದು ತಾಸು ಮುಂಚೆ ನೀರು ಕುಡಿದು ಮೂತ್ರ ತಡೆದಿಟ್ಟುಕೊಳ್ಳಿ ಎಂದೆಲ್ಲ ಸೂಚನೆ ಬಂದಿತ್ತು. ಅದನ್ನು ಅವಳು ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹಿಂದಿಯಲ್ಲಿ ಓದಿ ಹೇಳಿದಳು. ಗೆಳತಿ ಏನು ಹೇಳಿದಳೋ, ಜ್ಯೋತಿಯ ಮುಖ ಸಣ್ಣಗಾಯಿತು.

ತಂದೆ ಹುಲಗಪ್ಪ ಬಾಗಿಲ ಬಳಿ ಕೂತು ಕೇಳಿಸದವನಂತೆ ಟೀವಿ ನೋಡುತ್ತಿದ್ದ. ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಬಣ್ಣದ ಡ್ರಮ್ಮುಗಳನ್ನು ಲಾರಿಗೆ ಏರಿಸಿ ಇಳಿಸುವ ಕೆಲಸ ಅವನದು. ಹೆಂಡತಿ ಹೋದ ಮೇಲೆ ಮಗಳಿಗೆ ಜಡೆ ಹಾಕುವುದನ್ನು ಕಲಿತಿದ್ದ, ಚಪಾತಿ ಲಟ್ಟಿಸುವುದನ್ನು ಕಲಿತಿದ್ದ. ಹೆಣ್ಣುಮಕ್ಕಳ ಮಾತು ಬಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ. ಆವತ್ತು ಏಳುವ ಮೊದಲೇ ಜ್ಯೋತಿ, ಅಮ್ಮನಿಗೆ ಆಗಿದ್ದು ಕಾಮಾಲೆಯೇ ತಾನೆ ಎಂದು ಹಿಂದಿಯಲ್ಲಿ ಕೇಳಿದಳು.

"ಅಪ್ಪಾ, ಮಮ್ಮಿಕೋ ಪೀಲಿಯಾ ಹೀ ಹುವಾ ಥಾ ನಾ?"

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇತ್ತೇ ಎಂದು ಫಾರ್ಮಿನಲ್ಲಿ ಕೇಳಿದ್ದರು. ಹುಲಗಪ್ಪ ಚಹಾದ ಬಸಿ ಕೆಳಗಿಟ್ಟ. "ಹೂಂ, ಕಾಮಣಿ," ಅಂದ. ಜ್ಯೋತಿ ಕ್ಯಾನ್ಸರ್ ಎಂಬ ಪದದ ಮುಂದೆ ಇಲ್ಲ ಎಂದು ಒತ್ತಿ ಮುಂದಕ್ಕೆ ಹೋದಳು. ಅವನು ಚಹಾ ಅಷ್ಟಕ್ಕೇ ಬಿಟ್ಟು ಎದ್ದು ಹೊರಗೆ ಹೋದ.

ಯಾಕೆಂದರೆ ಅದು ಕಾಮಾಲೆಯಾಗಿರಲಿಲ್ಲ. ಹದಿನೈದು ವರ್ಷದ ಹಿಂದೆ ಹೆಂಡತಿ ಮರಗಮ್ಮನ ಹೊಟ್ಟೆ ಉಬ್ಬತೊಡಗಿದಾಗ ಚಾಳಿನ ಅಕ್ಕಪಕ್ಕದ ಮನೆಯವರೆಲ್ಲ ಬಸುರಿ ಅಂದುಕೊಂಡರು. ಹುಲಗಪ್ಪನೂ ಹಾಗೇ ಅಂದುಕೊಂಡ. ಎರಡು ತಿಂಗಳು ಖುಷಿಯಲ್ಲಿ ಓಡಾಡಿದ, ಸ್ಟೇಷನ್ನಿನ ಹತ್ತಿರದಿಂದ ಹುಳಿ ಮಾವಿನಕಾಯಿ ತಂದುಕೊಟ್ಟ. ಊಟ ಸೇರುವುದಿಲ್ಲ, ಸೊಂಟ ಹಿಡಿಯುತ್ತದೆ ಎಂದು ಅವಳು ಅಂದಾಗಲೆಲ್ಲ ನಕ್ಕ. ಕೊನೆಗೆ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಒಯ್ದಾಗ ಡಾಕ್ಟರು, ಅಂಡಾಶಯದ ಕ್ಯಾನ್ಸರ್, ಹೊಟ್ಟೆ ತುಂಬ ಹರಡಿದೆ ಎಂದರು. ಅವಳ ತಾಯಿಯೂ ಹಾಗೆಯೇ ಹೊಟ್ಟೆ ಉಬ್ಬಿ ಸತ್ತಿದ್ದಳೆಂದು ಕೇಳಿ, ನಿಮಗೆ ಹೆಣ್ಣುಮಗು ಇದೆಯೇ ಎಂದು ವಿಚಾರಿಸಿದ್ದರು. ಮಗಳು ದೊಡ್ಡವಳಾದ ಮೇಲೆ ಯಾವ ಡಾಕ್ಟರ ಬಳಿ ಹೋದರೂ ಇದನ್ನು ಹೇಳಲೇಬೇಕು ಎಂದು ಎರಡೆರಡು ಸಲ ಹೇಳಿದ್ದರು.

ಆದರೆ ಮರಗಮ್ಮ ಗಂಡನಿಂದ ಬೇರೆಯೇ ಮಾತು ತೆಗೆದುಕೊಂಡಳು. "ಕೂಸಿಗೆ ಹೇಳಬ್ಯಾಡ್ರಿ. ಅಂಜತದ. ನಾಳೆ ಯಾರೂ ಮನಿ ತುಂಬಿಸ್ಕೊಳ್ಳಲ್ಲ." ಅವಳನ್ನು ದೇವದುರ್ಗದ ಕಡೆಯ ತಮ್ಮೂರಿಗೆ ಕರೆದೊಯ್ದು ಮೂರು ವಾರಕ್ಕೆ ಎಲ್ಲ ಮುಗಿಯಿತು. ಪಕ್ಕದ ಮನೆಯಲ್ಲಿ ಬಿಟ್ಟುಹೋಗಿದ್ದ ಮಗಳಿಗೆ ಅವನು ಕಾಮಾಲೆ ಎಂದು ಹೇಳಿದ. ಹೇಳುತ್ತ ಹೇಳುತ್ತ ಅದೇ ನಿಜವಾಗಿಬಿಟ್ಟಿತ್ತು.

ಶುಕ್ರವಾರ ಕೆಲಸ ಬಿಟ್ಟವನೇ ಪಕ್ಕದ ಮನೆಯ ಜಯಲತಾಳ ಬಾಗಿಲಲ್ಲಿ ನಿಂತ. ಕುಂದಾಪುರದ ಕಡೆಯವಳು, ಗಂಡ ಹೋಟೆಲಿನಲ್ಲಿ ಮ್ಯಾನೇಜರ್. ಜ್ಯೋತಿ ಮೈನೆರೆದಾಗ ಕೂರಿಸಿಕೊಂಡು ಎಲ್ಲವನ್ನೂ ತಿಳಿಸಿ ಹೇಳಿದವಳು ಅವಳೇ. ಹುಲಗಪ್ಪ ಕಂಬ ಹಿಡಿದುಕೊಂಡು, ನೆಲ ನೋಡುತ್ತ, ನಡೆದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಇದನ್ನೂ ನೀವೇ ಹೇಗಾದರೂ ಮಗಳ ಕಿವಿಗೆ ಹಾಕಿ ಎಂದು ಕೇಳಿಕೊಂಡ.

ಜಯಲತಾ ಒಲೆ ಆರಿಸಿ ಬಂದು ಬಾಗಿಲಿಗೆ ಒರಗಿದಳು. ಆಮೇಲೆ ಅಂದಳು: "ಹುಲಗಪ್ಪಣ್ಣ, ಉಳಿದದ್ದೆಲ್ಲ ನಾನು ಹೇಳಿದ್ದೇನೆ. ಇದನ್ನು ನನ್ನ ಬಾಯಿಂದ ಕೇಳಿದ್ರೆ ಅವಳು ಇನ್ನು ನಿಮ್ಮನ್ನು ನಂಬುದಿಲ್ಲ. ನೀವೇ ಹೇಳ್ಬೇಕು. ಡಾಕ್ಟರ ಹತ್ರ ಹೋಗುವ ಮೊದಲೇ ಹೇಳಿ."

ಶನಿವಾರ ಬೆಳಿಗ್ಗೆ ಅವನು ಮಂಚದಡಿಯ ಟ್ರಂಕಿನಿಂದ ಮರಗಮ್ಮನ ಆಸ್ಪತ್ರೆಯ ಕಾಗದಗಳನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡ. ನಾನೂ ಬರುತ್ತೇನೆ ಅಂದ. ಜ್ಯೋತಿ ಬೇಡ ಅಂದಳು, ಅಲ್ಲೆಲ್ಲ ಹೆಂಗಸರೇ ಇರುತ್ತಾರೆ ಅಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಆಗಲೇ ಮೆಟ್ಟಿಲಿಳಿದಿದ್ದ.

ಡೊಂಬಿವಲಿಯಿಂದ ಠಾಣೆ ಸ್ಟೇಷನ್ನಿನವರೆಗೆ ಲೋಕಲ್ ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ, ಹೇಳುವುದಕ್ಕೆ ಆಸ್ಪದವೇ ಇರಲಿಲ್ಲ. ಠಾಣೆಯಲ್ಲಿ ಪನ್ವೇಲ್ ಗಾಡಿ ಹತ್ತಿದಾಗ ಇಬ್ಬರಿಗೂ ಕಿಟಕಿಯ ಬಳಿ ಸೀಟು ಸಿಕ್ಕಿತು. ಐರೋಲಿ ಸ್ಟೇಷನ್ ಬಂದಾಗ ಹೇಳೋಣ ಅಂದುಕೊಂಡ. ಐರೋಲಿ ಹೋಯಿತು. ಘನ್ಸೋಲಿ ಹೋಯಿತು. ಪಕ್ಕದಲ್ಲಿ ಜ್ಯೋತಿ ಬಾಟಲಿಯಿಂದ ಗುಟುಕು ಗುಟುಕಾಗಿ ನೀರು ಕುಡಿಯುತ್ತ, ಮೊಣಕಾಲು ಅಲುಗಾಡಿಸುತ್ತ ಕೂತಿದ್ದಳು. ಅವಳಿಗೂ ಭಯವಿದೆ, ನಾನು ಇನ್ನಷ್ಟು ಹೇರಲು ಹೊರಟಿದ್ದೇನೆ ಅನ್ನಿಸಿತು. ಎದುರಿನವರಿಗೆ ಕನ್ನಡ ಬರಲಿಕ್ಕಿಲ್ಲ ಎಂಬುದೊಂದೇ ಧೈರ್ಯ. ತುರ್ಭೆ ದಾಟಿತು.

"ನಿಮ್ಮವ್ವಗ ಕಾಮಣಿ ಆಗಿರಲಿಲ್ಲವ್ವಾ," ಅಂದ. "ನಾ ಸುಳ್ಳು ಹೇಳೀನಿ."

ಜ್ಯೋತಿ ಕಿವಿಯಲ್ಲಿದ್ದ ಇಯರ್‌ಫೋನ್ ತೆಗೆದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವನು ನಿಲ್ಲಲಿಲ್ಲ. ಬಸುರಿ ಅಂದುಕೊಂಡದ್ದು, ಮಾವಿನಕಾಯಿ ತಂದದ್ದು, ಡಾಕ್ಟರು ಹೇಳಿದ್ದು, ಅವ್ವ ಮಾತು ತೆಗೆದುಕೊಂಡದ್ದು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದ. ನೆರೂಳ್ ಬಂದಾಗ ಅವನ ಮಾತು ಮುಗಿದಿತ್ತು. ಸದಾ ಹಿಂದಿಯಲ್ಲೇ ಉತ್ತರಿಸುವ ಹುಡುಗಿ ಈಗ ಕನ್ನಡದಲ್ಲಿ ಕೇಳಿದಳು.

"ಅಜ್ಜಿಗೂ ಅದೇನಾ?"

"ಹೂಂ."

"ನನಗೂ ಆಗತದಾ ಅಪ್ಪಾ?"

ಇಲ್ಲ ಅನ್ನಬೇಕೆಂದು ಬಾಯಿಗೆ ಬಂತು. "ಗೊತ್ತಿಲ್ಲವ್ವಾ," ಅಂದ.

ಅವಳು ಫೋನು ತೆಗೆದು ಅದೇ ಫಾರ್ಮನ್ನು ಹುಡುಕಿದಳು. ಎರಡು ಸಲ ತಪ್ಪು ಜಾಗ ಒತ್ತಿದಳು. ಮೂರನೇ ಸಲಕ್ಕೆ ಇಲ್ಲ ಎಂದಿದ್ದದ್ದು ಹೌದು ಎಂದಾಯಿತು.

ಬೇಲಾಪುರದ ಕ್ಲಿನಿಕ್ಕಿನಲ್ಲಿ ಹುಲಗಪ್ಪನೊಬ್ಬನೇ ಗಂಡಸು. ಜ್ಯೋತಿ ಕಾಗದಗಳನ್ನು ಎದೆಗವಚಿಕೊಂಡು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅವನು ಅರ್ಧ ಏಳುತ್ತಿದ್ದ, ಬೇರೆ ಯಾರೋ ಹೊರಗೆ ಬರುತ್ತಿದ್ದರು. ಅವಳ ಹೊಟ್ಟೆ ಎಂದಾದರೂ ಉಬ್ಬಿದಂತೆ ಕಂಡಿತ್ತೇ, ಊಟ ಬಿಟ್ಟಿದ್ದಳೇ ಎಂದು ಹಿಂದಿನ ತಿಂಗಳುಗಳನ್ನೆಲ್ಲ ಕೆದಕಿದ. ಹೋದ ವಾರ ಒಂದು ದಿನ ಅನ್ನ ಬೇಡ ಅಂದಿದ್ದಳು.

ಮುಕ್ಕಾಲು ತಾಸಿನ ಮೇಲೆ ಅವನನ್ನೂ ಒಳಗೆ ಕರೆದರು. ವಯಸ್ಸಾದ ಮರಾಠಿ ಡಾಕ್ಟರಮ್ಮ ಹಳೆಯ ಕಾಗದಗಳನ್ನು ಹರಡಿಕೊಂಡು ಕೂತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದ, ಬೈಯಲಿಲ್ಲ. ಅಜ್ಜಿ ಸತ್ತಾಗ ವಯಸ್ಸೆಷ್ಟು ಎಂದು ಕೇಳಿ ಬರೆದುಕೊಂಡರು. ಸೋನೋಗ್ರಫಿಯಲ್ಲಿ ಈಗ ಏನೂ ಇಲ್ಲ ಎಂದರು. ಆದರೆ ಅಷ್ಟರಿಂದಲೇ ನಿಶ್ಚಿಂತೆಯಾಗಿರುವಂತಿಲ್ಲ, ಇದು ವಂಶದಲ್ಲಿ ಇಳಿದು ಬಂದಿದೆಯೇ ಎಂದು ತಿಳಿಯಲು ಬೇರೆ ರಕ್ತಪರೀಕ್ಷೆ ಮಾಡಿಸಬೇಕು, ತಪಾಸಣೆ ಎಂದೂ ತಪ್ಪಿಸಕೂಡದು ಎಂದರು. ಮರಗಮ್ಮನಿಗೆ ಅಕ್ಕತಂಗಿಯರಿದ್ದರೆ ಅವರಿಗೂ ತಿಳಿಸಿ ಎಂದರು.

ಮರಳುವಾಗ ಜ್ಯೋತಿ ಅಪ್ಪನನ್ನು ಬಿಟ್ಟು ರೈಲಿನ ಹೆಂಗಸರ ಡಬ್ಬಿ ಹತ್ತಿದಳು. ಎರಡು ದಿನ ಜಯಲತಾಳ ಮನೆಯಲ್ಲೇ ಉಂಡಳು. ಹುಲಗಪ್ಪ ಮಾಡಿಟ್ಟ ಪಲ್ಯ ಹಾಗೇ ಉಳಿಯಿತು. ಮಂಗಳವಾರ ಬೆಳಿಗ್ಗೆ ಅವಳು ಚಹಾ ತಂದು ಮುಂದಿಟ್ಟು, ಮರಗಮ್ಮನ ತಂಗಿಯ ಹೆಸರೆತ್ತಿ, "ಯಂಕಮ್ಮ ಮೌಶಿಗೆ ಫೋನ್ ಮಾಡು," ಅಂದಳು. ಆ ಕಡೆ ಯಂಕಮ್ಮನ ಗಂಡ ಮಾಪಣ್ಣ ಎತ್ತಿದ, ಏನು ವಿಷಯ ನನಗೇ ಹೇಳು ಅಂದ. "ಅಕೀಗೇ ಹೇಳಬೇಕಾಗ್ಯಾದ, ಕೊಡು," ಅಂದ ಹುಲಗಪ್ಪ. ಜ್ಯೋತಿ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. ಮುಂದಿನ ವಾರ ಯಂಕಮ್ಮ ರಾಯಚೂರಿಗೆ ಹೋಗಿ ತೋರಿಸಿಕೊಂಡು ಬಂದಳು.

ಜ್ಯೋತಿ ಪರೀಕ್ಷೆಗೆ ರಕ್ತ ಕೊಟ್ಟು ಮೂರು ವಾರವಾಯಿತು. ವರದಿ ಮೊಬೈಲಿಗೇ ಬರುತ್ತದಂತೆ. ಅವಳ ಫೋನು ಸದ್ದು ಮಾಡಿದಾಗಲೆಲ್ಲ ಹುಲಗಪ್ಪನ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಅವಳು ನೋಡಿ, ಅದಲ್ಲ ಎಂದು ತಲೆಯಾಡಿಸುತ್ತಾಳೆ.